ಹೋರಿಗೆ ಮೆತ್ತಗಿನ ತೋಟೆ

ಹೋರಿ ಒದ್ದರೆ ಹೇಗಿರುತ್ತದೆ ಎಂದು ಕಲ್ಲಿಯೋ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಹೋರಿ ಎಂದರೆ ದನವಲ್ಲ. ತೌನೋ ಹಾಕಿನೆನ್ನನ ಮನೆಯ ಗೋಡೆಯಲ್ಲಿ ಎರಡು ಜಿಂಕೆಕೊಂಬುಗಳ ಮೇಲೆ ಮಲಗಿರುತ್ತಿದ್ದ, ಅವನಪ್ಪನ ಕಾಲದ ಕೋವಿ. ಮಿಶಿಗನ್ನಿನ ಈ ಮೇಲ್ನಾಡಿನಲ್ಲಿ ಹಿಮ ಬಿದ್ದರೆ ಚಿಮಣಿಯ ಮೇಲೆ ಇನ್ನೊಂದು ಚಿಮಣಿ ಕಟ್ಟಬೇಕು, ಬೇಸಿಗೆ ಬಂದರೆ ಸೊಳ್ಳೆಗಳು ಕರುಗಳನ್ನು ಹೊತ್ತೊಯ್ಯುತ್ತವೆ. ಅಂಥ ನಾಡಿನಲ್ಲೂ ಹೋರಿಯ ಹೆಸರೆತ್ತಿದರೆ ಜನ ಟೋಪಿ ತೆಗೆಯುತ್ತಿದ್ದರು. ತೌನೋನ ಅಪ್ಪ ಅದರ ಮೊದಲ ಈಡು ಹಾರಿಸಿದಾಗ ಹಿಮದ ಮೇಲೆ ಹಿಂದಕ್ಕೆ ಜಾರುತ್ತ ಹೋಗಿ, ಸೌನಾ ಎಂಬ ಹಬೆಸ್ನಾನದ ಕೋಣೆಯ ಬಾಗಿಲು ಮುರಿದು ಒಳಗೆ ಬಿದ್ದನಂತೆ. ಹೇಗೂ ಬಂದದ್ದಾಯಿತಲ್ಲ ಎಂದು ಸ್ನಾನ ಮುಗಿಸಿಯೇ ಹೊರಗೆ ಬಂದನಂತೆ. ತೌನೋ ತಾನೇ ಹಾರಿಸಿದಾಗ ಪಕ್ಕದೂರಿನ ಹಸುಗಳು ವಾರವಿಡೀ ಮಜ್ಜಿಗೆಯನ್ನೇ ಕರೆದವು. ಇವೆಲ್ಲ ತೌನೋನ ಬಾಯಿಂದ ಹೊರಟ ಮಾತುಗಳು. ಊರಿನವರು ಉಪ್ಪುಖಾರ ಸೇರಿಸಿ ಅವನಿಗೇ ಮರಳಿಸುತ್ತಿದ್ದರು. ಅವನು ಇನ್ನೊಂದು ಹಿಡಿ ಖಾರ ಹಾಕಿ ಮತ್ತೆ ಹಂಚುತ್ತಿದ್ದ.

ಅವನ ಮಗ ರೈನೋನ ಹುಬ್ಬಿನ ಮೇಲಿದ್ದ ಅರ್ಧಚಂದ್ರದ ಗುರುತು ಮಾತ್ರ ಯಾರ ಬಾಯಿಂದಲೂ ಹೊರಟದ್ದಲ್ಲ. ಹದಿನಾಲ್ಕರ ಹುಡುಗನಾಗಿದ್ದಾಗ, ಮೊದಲ ಈಡಿಗೇ ಹೋರಿ ಹಿಂದಕ್ಕೆ ಒದ್ದು, ಅದರ ಮೇಲಿನ ದುರ್ಬೀನಿನ ಅಂಚು ಅಲ್ಲಿ ಕೊರೆದುಬಿಟ್ಟಿತ್ತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಆ ಗುರುತಿನ ಬಗ್ಗೆ ತೌನೋ ಎಂದೂ ಕತೆ ಕಟ್ಟಲಿಲ್ಲ.

ಹಾಕಿನೆನ್ ಮನೆತನದಲ್ಲಿ ಹುಟ್ಟಿದವರು ಮೊದಲ ಗಂಡುಜಿಂಕೆಯನ್ನು ಹೋರಿಯಿಂದಲೇ ಹೊಡೆಯಬೇಕು ಎಂಬುದು ಕಟ್ಟಳೆ. ಈ ಸಲ ರೈನೋನ ಮಗಳು ಸೈಮಾಗೆ ಹದಿನಾಲ್ಕು ತುಂಬಿತ್ತು. ಮುಂಗೈ ನೋಡಿದರೆ ಬರ್ಚ್ ಮರದ ಎಳೆ ಕೊಂಬೆ. ತಾತನ ಕತೆಗಳನ್ನೆಲ್ಲ ಒಂದಕ್ಷರ ಬಿಡದೆ ನಂಬಿ ಬೆಳೆದ ಹುಡುಗಿ. ರೈನೋ ಅದಿರಿನ ಹಡಗಿನಲ್ಲಿ ಕೆಲಸಕ್ಕಿದ್ದ. ಸರೋವರ ಹೆಪ್ಪುಗಟ್ಟುವ ತನಕ ಮನೆಗೆ ಬರುವಂತಿರಲಿಲ್ಲ. ಹಾಗಾಗಿ ಮಗಳನ್ನು ಬೇಟೆಯ ಶಿಬಿರಕ್ಕೆ ಕರೆದೊಯ್ಯುವ ಹೊಣೆ ತೌನೋನ ಮೇಲೆ ಬಿತ್ತು.

"ಮಾವ, ಅವಳು ಕಾಡಿಗೆ ಹೋಗ್ಲಿ, ನಾನು ಬೇಡ ಅನ್ನಲ್ಲ," ಎಂದಳು ಸೊಸೆ ಲೆಂಪಿ, ರೊಟ್ಟಿಯ ಹಿಟ್ಟು ನಾದುತ್ತ. "ಆದ್ರೆ ಆ ದರಿದ್ರ ಕೋವಿ ಜೊತೆ ಅಲ್ಲ."

"ಅದೇ ಕೋವಿ ಕಣಮ್ಮ ನಿನ್ನ ಗಂಡನ್ನ ಗಂಡಸು ಮಾಡಿದ್ದು."

"ಮಾಡ್ತು. ಆ ಗಂಡಸಿನ ಹುಬ್ಬು ನೋಡ್ಕೊಂಡೇ ನಾನು ಮಲಗೋದು. ಮೆತ್ತಗೆ ಒದೆಯೋ ಕೋವಿ ಯಾವುದಾದ್ರೂ ಹುಡುಕಿ. ಅವಳ ಭುಜದ ಮೇಲೆ ನೀಲಿ ಗುರುತು ಕಂಡ್ರೆ ಶಿಬಿರ ಹಾಗಿರ್ಲಿ, ಹಿತ್ತಲಿಗೂ ಕಳ್ಸಲ್ಲ."

ಹಿಟ್ಟನ್ನು ಅವಳು ಮಗುಚಿ ಬಡಿದ ರೀತಿ ನೋಡಿ, ಕರಡಿಗಳನ್ನು ಬರಿಗೈಯಲ್ಲಿ ಓಡಿಸಿದ್ದ ತೌನೋ ಬಾಯಿ ಮುಚ್ಚಿಕೊಂಡು ಟೋಪಿ ಹಾಕಿಕೊಂಡ.

ಊರಿನಲ್ಲಿ ಮೊಳೆಯಿಂದ ಹಿಡಿದು ಹಿಮದ ಸಲಿಕೆಯವರೆಗೆ ಎಲ್ಲವನ್ನೂ ಮಾರುತ್ತಿದ್ದವಳು ಹಿಲ್ಯಾ. ಅವಳ ಅಂಗಡಿಯ ಹಿಂದಿನ ಗೋಡೆಗೆ ಕೋವಿಗಳು ಒರಗಿ ನಿಂತಿದ್ದವು. ತಾತ ಮೊಮ್ಮಗಳು ಒಳಗೆ ಬಂದಾಗ ಒಲೆಯ ಪಕ್ಕ ಕಾಫಿ ಕುಡಿಯುತ್ತ ಕೂತಿದ್ದವನು ರೂಡಿ. ತೌನೋನ ಅಣ್ಣನ ಮಗ, ಶಿಬಿರದ ಯಜಮಾನ.

ಹಿಲ್ಯಾ ಮೊದಲು ನೋಡಿದ್ದು ಕೋವಿಗಳನ್ನಲ್ಲ, ಸೈಮಾಳ ಮೊಣಕೈಯನ್ನು. ಒಂದು ಪುಟ್ಟ ಕೋವಿ ತಂದು ಅದರ ಹಿಡಿಯನ್ನು ಹುಡುಗಿಯ ತೋಳಿನ ಮಡಿಕೆಗೆ ಇಟ್ಟು ಅಳೆದಳು. "ಹಿಡಿ ಉದ್ದ ಆದ್ರೆ ಕೋವಿ ಭುಜದ ಮೇಲೆ ಕೂರಲ್ಲ, ತೋಳಿನ ಮೇಲೆ ಕೂರುತ್ತೆ. ಆಗ್ಲೇ ಒದೆಯೋದು. ಈಗ ಕಣ್ಣು ಮುಚ್ಚಿ ಎತ್ತು ಪುಟ್ಟಿ. ಹ್ಞಾ, ತೆರಿ. ಏನು ಕಾಣ್ತು?"

"ಗುರಿ ನೇರಕ್ಕೇ ಇದೆ," ಎಂದಳು ಸೈಮಾ, ಬೆರಗಿನಿಂದ.

"ನೋಡ್ದಾ ತೌನೋ, ಇವಳಿಗೇ ಹೊಲಿಸಿದ ಅಂಗಿ ಥರ ಇದೆ. ನಳಿಗೆ ಅಳತೆ ಇನ್ನೂರ ಐವತ್ತೇಳು. ಸಣ್ಣ ಗುಂಡು. ಕೋವಿ ತೀರ ಹಗುರವೂ ಅಲ್ಲ. ಹಗುರ ಆದಷ್ಟೂ ಒದೆತ ಜಾಸ್ತಿ. ಹಿಂದೆ ರಬ್ಬರ್ ಇದೆ. ನಾನು ಇದ್ರಲ್ಲೇ ವರ್ಷಾ ವರ್ಷಾ ಒಂದು ಕೆಡವ್ತೀನಿ. ಗುಂಡು ಪಕ್ಕೆಗೂಡಿಗೆ ಬಿದ್ರೆ ಅದು ಸಣ್ಣದಾ ದೊಡ್ಡದಾ ಅಂತ ಜಿಂಕೆ ಕೇಳಲ್ಲ. ನಂದೇ ಒಯ್ಯಿ, ಈ ಬೇಟೆ ಮುಗಿಯೋವರೆಗೂ ಇವಳ ಹತ್ರ ಇರ್ಲಿ."

ತೌನೋ ಆ ಕೋವಿಯನ್ನು ಕೈಗೆ ತೆಗೆದುಕೊಂಡ. ಚೆನ್ನಾಗಿತ್ತು. ಗುಂಡು ಏರಿಸುವ ಚಿಲಕ ಬೆಣ್ಣೆಯಲ್ಲಿ ಸರಿದ ಹಾಗೆ ಸರಿಯಿತು. ಇನ್ನೇನು ಆಗಲಿ ಎನ್ನುವುದರಲ್ಲಿದ್ದ. ಹೇಳಿಬಿಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿ ಮನೆಗೆ ಹೋಗಬಹುದಿತ್ತು.

"ಚಿಕ್ಕಪ್ಪ," ಎಂದ ರೂಡಿ ಲೋಟದ ಮೇಲಿಂದ, "ಅದ್ರ ತುದೀಗೆ ಮಕ್ಕಳ ಆಟದ ಕೋವಿ ಥರ ಬಿರಡೆ ಸಿಕ್ಸಿದ್ದಾರಾ ನೋಡು. ದಾರ ಕಟ್ಟಿರ್ತಾರೆ, ಕಳ್ದು ಹೋಗ್ಬಾರ್ದಲ್ಲ."

ಸೈಮಾಳ ಕಿವಿ ಕೆಂಪಾಯಿತು.

"ಇಲಿ ಹೊಡೆಯೋಕೆ ಒಳ್ಳೇದು. ಹಾಕಿನೆನ್ನರ ಹೋರಿ ಸತ್ತು ಕರು ಹಾಕ್ತು ಅಂತ ಶಿಬಿರದಲ್ಲಿ ಹೇಳ್ತೀನಿ ಬಿಡು."

ತೌನೋ ಕೋವಿಯನ್ನು ಮೇಜಿನ ಮೇಲಿಟ್ಟ. ತಾನು ಇಟ್ಟನೋ ನಾಲಿಗೆ ಇಡಿಸಿತೋ ಅವನಿಗೂ ತಿಳಿಯಲಿಲ್ಲ. "ಲೇ ರೂಡಿ, ಇವಳು ಹೋರೀಲೇ ಹೊಡೀತಾಳೆ. ಅದೂ ಒಂದೇ ಈಡು. ಹೊಡೆದ ಮೇಲೆ ಭುಜದ ಮೇಲೆ ಒಂದು ಗೀರಿದ್ರೆ ನನ್ನ ಮೀಸೆ ಬೋಳಿಸ್ಕೋ."

"ನಿಂಗೆ ಮೀಸೆನೇ ಇಲ್ವಲ್ಲ."

"ಬೆಳೆಸ್ತೀನಿ."

ಹಿಲ್ಯಾ ಪುಟ್ಟ ಕೋವಿಯನ್ನು ಬಟ್ಟೆಯಿಂದ ಒರೆಸಿ ಒಳಗಿಟ್ಟಳು.

ಅತ್ತ ಲೆಂಪಿಯ ಮಾತು, ಇತ್ತ ತನ್ನ ಮಾತು. ಎರಡನ್ನೂ ಉಳಿಸುವ ಉಪಾಯ ತೌನೋಗೆ ಮನೆ ಸೇರುವುದರೊಳಗೆ ಹೊಳೆದಿತ್ತು. ತೋಟೆಗಳನ್ನು ಅವನು ಅಂಗಡಿಯಿಂದ ತರುವವನಲ್ಲ. ಕೊಟ್ಟಿಗೆಯ ಮೇಜಿನ ಮೇಲೆ ತಾನೇ ತುಂಬುವವನು. ಹಿತ್ತಾಳೆಯ ಕೋಶಕ್ಕೆ ಮದ್ದು ಸುರಿದು ಬಾಯಿಗೆ ಗುಂಡು ಕೂರಿಸಿದರೆ ತೋಟೆ. ಹೋರಿಯ ಮಾಮೂಲಿ ತೋಟೆಯಲ್ಲಿ ಮದ್ದು ಕುತ್ತಿಗೆಯವರೆಗೆ ಬರುತ್ತದೆ. ಅದರ ಬದಲು ಬೇಗ ಉರಿಯುವ ಬೇರೆ ಮದ್ದನ್ನು ಒಂದೇ ಒಂದು ಚಮಚ ತಳಕ್ಕೆ ಹಾಕಿದರೆ ಹೋರಿ ಒದೆಯುವುದಿಲ್ಲ, ಮೂಸುತ್ತದೆ ಅಷ್ಟೆ. ಹತ್ತಿರದ ಜಿಂಕೆಗೆ ಅಷ್ಟು ಸಾಕು. ಹೊರಗಿನಿಂದ ನೋಡಿದವರಿಗೆ ಅದು ಹೋರಿಯೇ, ತೋಟೆಯೂ ಹೋರಿಯದೇ. ರೂಡಿಗೂ ತಿಳಿಯುವುದಿಲ್ಲ, ಲೆಂಪಿಗೆ ನೀಲಿ ಗುರುತು ಕಾಣುವುದಿಲ್ಲ. ಸೈಮಾಗೂ ಹೇಳುವುದು ಬೇಡ. ಶಿಬಿರದಲ್ಲಿ ಬಾಯಿ ಜಾರಿದರೆ?

ಆ ಮದ್ದಿನಲ್ಲಿ ಒಂದು ಕೆಟ್ಟ ಗುಣವಿದೆ. ಮಾಮೂಲಿ ಮದ್ದನ್ನು ಮರೆತು ಎರಡು ಸಲ ಸುರಿದರೆ ಕೋಶ ತುಂಬಿ ಚೆಲ್ಲುತ್ತದೆ, ತಪ್ಪು ತಾನಾಗಿಯೇ ಕೂಗಿ ಹೇಳುತ್ತದೆ. ಇದು ಹಾಗಲ್ಲ. ಎರಡು ಚಮಚ ಬಿದ್ದರೂ ಕೋಶದ ಕತ್ತಲಲ್ಲಿ ಸುಮ್ಮನೆ ಕೂತಿರುತ್ತದೆ. ಅಂಥ ತೋಟೆ ಕೋವಿಯನ್ನು ಒದೆಯುವಂತೆ ಮಾಡುವುದಿಲ್ಲ. ಕೋವಿಯನ್ನೇ ಸೀಳುತ್ತದೆ, ಅದರ ಚಿಲಕ ಈಡು ಹೊಡೆದವರ ಮುಖಕ್ಕೇ ಹಾರಿ ಬರುತ್ತದೆ. ತುಂಬುವವರೆಲ್ಲ ಬಲ್ಲ ವಿಷಯ. ಅದಕ್ಕೇ ಗುಂಡು ಕೂರಿಸುವ ಮೊದಲು ಪ್ರತಿ ಕೋಶದೊಳಗೂ ಟಾರ್ಚ್ ಬಿಟ್ಟು ನೋಡುತ್ತಾರೆ. ತೌನೋ ಬೇರೆಯವರಿಗೆ ಅದನ್ನು ಕಲಿಸಿದವನು.

ಕೋಶಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ ಅವನು ಸುರಿಯುತ್ತಿದ್ದಾಗ ಎವರ್ಟ್ ಬಂದ. ಎವರ್ಟ್ ಶಿಬಿರದ ಅಡುಗೆಯವನು, ಬಾಲ್ಯದ ಗೆಳೆಯ. ಕೋವಿ ಮುಟ್ಟಿದವನಲ್ಲ, ಆದರೆ ಅವನಷ್ಟು ಚೆನ್ನಾಗಿ ಕತೆ ಕೇಳುವವರು ಸರೋವರದ ಈ ದಂಡೆಯಲ್ಲಿಲ್ಲ.

"ಆ ಕರಡಿ ವಿಷ್ಯ ಪೂರ್ತಿ ಹೇಳ್ಲೇ ಇಲ್ವಲ್ಲೋ ನೀನು," ಎಂದ ಎವರ್ಟ್, ಬಕೆಟ್ ಬೋರಲು ಹಾಕಿ ಕೂತು.

ಹೇಳದೆ ಇರುವುದು ತೌನೋನ ಜಾತಕದಲ್ಲಿಲ್ಲ. ಚಮಚ ಕೈಯಲ್ಲೇ ಇತ್ತು. ಕರಡಿ ಸೌನಾದೊಳಗೆ ನುಗ್ಗಿ, ಕಲ್ಲಿನ ಮೇಲೆ ನೀರು ಹಾಕು ಎಂದು ಸನ್ನೆ ಮಾಡಿದಲ್ಲಿಗೆ ಬಂದಾಗ ಎರಡು ಕೈಯೂ ಗಾಳಿಯಲ್ಲಿದ್ದವು. ಎವರ್ಟ್ ಕಣ್ಣೊರೆಸಿಕೊಂಡು ನಕ್ಕ. ತೌನೋ ಮತ್ತೆ ಸುರಿಯತೊಡಗಿದ. ಕೊನೆಯ ಕೋಶಕ್ಕೆ ಬಂದಾಗ ಡಬ್ಬಿ ಬರಿದಾಗಿತ್ತು. ಒಂದು ಚಮಚ ಕಡಿಮೆ.

"ಅಂಗಡಿಯೋರು ಮೋಸ ಮಾಡ್ತಾರೆ ಕಣೋ," ಎಂದು ಹೊಸ ಡಬ್ಬಿ ಒಡೆದ. ಕರಡಿ ಟವಲು ಕೇಳುವ ಘಟ್ಟ ಇನ್ನೂ ಬಾಕಿಯಿತ್ತು. ಟಾರ್ಚ್ ಮೊಳೆಗೆ ನೇತಾಡುತ್ತಲೇ ಇತ್ತು.

ಮಾರನೆಯ ದಿನ ಜಲ್ಲಿಯ ಹಳ್ಳದಲ್ಲಿ ಸೈಮಾ ಕೆಲವು ತೋಟೆಗಳನ್ನು ಹಾರಿಸಿದಳು. ತಡೆಕೀಲನ್ನು ಹೇಗೆ ಮುಂದಕ್ಕೆ ತಳ್ಳಬೇಕೆಂದು ತಾತ ತೋರಿಸಿಕೊಟ್ಟ. ಅದು ಹಿಂದಿರುವ ತನಕ ಬೆರಳಡಿಯ ಕುದುರೆಯನ್ನು ಎಷ್ಟು ಅದುಮಿದರೂ ಈಡು ಹಾರುವುದಿಲ್ಲ. "ಕೊಂಬು ಕಾಣೋವರ್ಗೂ ಅದನ್ನ ಮುಟ್ಬೇಡ." ಹೋರಿ ಪೆಟ್ಟಿ ಮುಚ್ಚಿದಷ್ಟೇ ಸದ್ದು ಮಾಡಿತು. ಭುಜಕ್ಕೆ ಒಂದು ಬೆಕ್ಕು ತಲೆ ಉಜ್ಜಿದ ಹಾಗೆ. ಆದರೂ ಪ್ರತಿ ಸಲವೂ, ಕುದುರೆಗೆ ಬೆರಳು ಹೋದಾಗ, ಅವಳ ಎರಡು ಕಣ್ಣೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದವು.

"ಕಣ್ಣು ಬಿಡೇ."

"ಬಿಡ್ತೀನಿ ಅಂತಾನೇ ಇರ್ತೀನಿ ತಾತ. ಅದು ತಾನಾಗೇ ಮುಚ್ಕೊಳ್ಳುತ್ತೆ."

"ಒದೀಲಿಲ್ವಲ್ಲ?"

"ಇವತ್ತು ಸುಮ್ನಿದೆ." ಸೈಮಾ ಕೋವಿಯನ್ನು ಓರೆಗಣ್ಣಿನಿಂದ ನೋಡಿದಳು, ಕಟ್ಟಿದ ದನವನ್ನು ನೋಡುವಂತೆ. "ಮುಂದಿನ ಸಲ ಒದೆಯುತ್ತೆ, ಅಲ್ವಾ?"

ತೌನೋ ನಗುವುದರಲ್ಲಿದ್ದ. ಯಾಕೋ ನಗಲಿಲ್ಲ. ಉಳಿದ ತೋಟೆಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ.

ಶಿಬಿರವೆಂದರೆ ಸೀಡರ್ ಮರಗಳ ಜೌಗಿನ ಅಂಚಿನಲ್ಲಿ ಒಂದು ಮರದ ಮನೆ. ಅದರ ಗೋಡೆಯ ತುಂಬ ಅಂಗಿಯ ಬಾಲಗಳು. ಜಿಂಕೆಗೆ ಗುರಿ ತಪ್ಪಿದವನ, ಕಟ್ಟಳೆ ಮುರಿದವನ ಅಂಗಿಯ ಹಿಂದಿನ ಚುಂಗನ್ನು ಕತ್ತರಿಸಿ ಹೆಸರು ಬರೆದು ಮೊಳೆ ಹೊಡೆಯುವುದು ಅಲ್ಲಿನ ಪದ್ಧತಿ. ಹಾಗೆ ಹೊಡೆದ ಬಾಲಗಳ ದೆಸೆಯಿಂದ ಆ ಗೋಡೆಗೆ ಬೇರೆ ಕಂಬಳಿಯೇ ಬೇಕಿಲ್ಲ. ಅದರಲ್ಲಿ ತೌನೋನ ಹೆಸರು ಒಂದೂ ಇಲ್ಲ. ಅದನ್ನು ಅವನು ಬಂದವರಿಗೆಲ್ಲ, ಅವರು ಬೂಟು ಕಳಚುವ ಮೊದಲೇ ತೋರಿಸುತ್ತಿದ್ದ.

ಇನ್ನೊಂದು ಕಟ್ಟಳೆಯೂ ಇತ್ತು, ಅದು ತಮಾಷೆಯದಲ್ಲ. ಮೊದಲ ದಿನ ಬೆಳಗಾಗುವ ಮುನ್ನ ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ಮರಸು ಕೂರುತ್ತಾರೆ, ಜಿಂಕೆಗಾಗಿ ಅಡಗಿ ಕಾಯುತ್ತಾರೆ. ಮಧ್ಯಾಹ್ನ ಎವರ್ಟ್ ಹೊರಗಿನ ತಗಡಿನ ತೊಟ್ಟಿ ಬಡಿಯುವ ತನಕ ಯಾರೂ ಏಳುವಂತಿಲ್ಲ. ಮರಗಳ ನಡುವೆ ಅಲುಗಿದ್ದೆಲ್ಲ ಜಿಂಕೆ. ಅದಕ್ಕೂ ಮೊದಲು ತೊಟ್ಟಿಯ ಸದ್ದು ಕೇಳಿದರೆ, ಅಥವಾ ಮನುಷ್ಯ ಕೂಗಿದ್ದು ಕೇಳಿದರೆ, ಯಾರಿಗೋ ಏನೋ ಆಗಿದೆ ಎಂದರ್ಥ. ಆಗ ಪ್ರತಿಯೊಬ್ಬರೂ ಆಕಾಶಕ್ಕೆ ಒಂದು ಈಡು ಹಾರಿಸಬೇಕು. ಯಾರ ಜಾಗದಿಂದ ಈಡು ಕೇಳುವುದಿಲ್ಲವೋ ಅಲ್ಲಿಗೆ ಉಳಿದವರು ಓಡಬೇಕು.

ಆ ಬೆಳಗ್ಗೆ ರೂಡಿ ಸೈಮಾಳನ್ನು ಮುತ್ತಾತನ ಬೊಡ್ಡೆ ಎಂದು ಕರೆಯುವ ಪೈನ್ ಮರದ ಬುಡಕ್ಕೆ ಕರೆದೊಯ್ದು ಕೂರಿಸಿದ. ಮೊದಲ ಬೇಟೆಗೆ ಒಬ್ಬರೇ ಕೂರಬೇಕು. ತೌನೋನ ಮಂಡಿ ಊದಿಕೊಂಡಿದ್ದರಿಂದ ಅವನು ಶಿಬಿರದಲ್ಲೇ ಉಳಿದ. ಜಗುಲಿಯ ಮೇಲಿಂದ, ಕಾಫಿ ಲೋಟದ ಕಿವಿಯೊಳಗಿಂದಲೇ ಗುರಿಯಿಟ್ಟು ಹೊಡೆಯಬಲ್ಲೆ ಎಂದು ಎಲ್ಲರನ್ನೂ ಕಳಿಸಿಕೊಟ್ಟ. ಹೊರಗೆ ಬೂದು ಬೆಳಕು. ಗಾಳಿಯಿಲ್ಲ. ಇಡೀ ಕಾಡು ಉಸಿರು ಬಿಗಿಹಿಡಿದು ಯಾರದೋ ಮಾತಿಗೆ ಕಾದಿರುವಂತಿತ್ತು.

ಎವರ್ಟ್ ಪೇಸ್ಟಿ ಎಂಬ ಹಿಟ್ಟಿನ ಕಡುಬುಗಳಿಗೆ ಮಾಂಸ, ಆಲೂಗಡ್ಡೆ ತುಂಬುತ್ತಿದ್ದ. ಒಂದಕ್ಕೆ ತುಂಬಿ, ಒಲೆಯ ಕಡೆ ಹೋಗಿ ಬಂದು, ಅದಕ್ಕೇ ಮತ್ತೆ ಒಂದು ಸೌಟು ತುಂಬಿದ. ನೋಡಿ ತಾನೇ ನಕ್ಕ.

"ನಂದೂ ನಿನ್ನ ಕತೆನೇ ಆಯ್ತಲ್ಲೋ. ಕರಡಿ ಸೌನಾದಲ್ಲಿ ಕೂತಾಗ ನೀನೂ ಹೀಗೇ ಮಾಡ್ದೆ."

"ಹೀಗೆ ಅಂದ್ರೆ?"

"ಅದೇ, ಒಂದಕ್ಕೆ ಮದ್ದು ಹಾಕ್ದೆ. ಕರಡಿ ಥರ ಎದ್ದು ಕುಣ್ದೆ. ಬಂದು ಅದಕ್ಕೇ ಇನ್ನೊಂದು ಸಲ ಹಾಕ್ದೆ. ನಿಂದೆಲ್ಲ ಯಾವಾಗ್ಲೂ ಎರಡು ಸೌಟು ಅಂತ ನಾನು ಸುಮ್ನಾದೆ. ಬಲ್ಲೋನು ನೀನು."

ತೌನೋನ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಳಿಯುವುದನ್ನೇ ಮರೆಯಿತು. ಬರಿದಾದ ಡಬ್ಬಿ ಕಣ್ಣ ಮುಂದೆ ಬಂತು. ಒಂದು ಚಮಚ ಕಡಿಮೆ. ಅಂಗಡಿಯವರು ಮೋಸ ಮಾಡಿರಲಿಲ್ಲ. ಆ ಚಮಚ ಎಲ್ಲಿತ್ತು ಎಂದರೆ, ಹಿತ್ತಾಳೆಯ ಕತ್ತಲಲ್ಲಿ, ಈಗ ಸೈಮಾಳ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ, ಹೋರಿಯ ಹೊಟ್ಟೆಯಲ್ಲಿತ್ತು. ಇಲ್ಲವೇ ಪೆಟ್ಟಿಗೆಯಲ್ಲಿ ಉಳಿದವುಗಳ ನಡುವೆ. ಯಾವುದು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಎಲ್ಲ ತೋಟೆಗಳೂ ಒಂದೇ ಥರ ಹೊಳೆಯುತ್ತಿದ್ದವು.

ಅವನ ಮುಖ ನೋಡಿ ಎವರ್ಟ್ ವಿಷಯ ಕೇಳಲಿಲ್ಲ. ಸೌಟು ಹಿಡಿದು ತೊಟ್ಟಿಯ ಕಡೆ ಹೊರಟ. ತೌನೋ ಅವನ ಕೈ ಹಿಡಿದ.

"ಬಡೀಬೇಡ."

"ಹುಡುಗಿಗೆ ಏನೋ—"

"ತೊಟ್ಟಿ ಕೇಳಿದ್ರೆ ಅವಳೂ ಈಡು ಹಾರಿಸ್ತಾಳೆ ಎವರ್ಟ್. ನಾನೇ ಕಲ್ಸಿದ್ದು."

"ಹಾಗಾದ್ರೆ ಕೂಗೋಣ."

"ಕೂಗಿದ್ರೂ ಹಾರಿಸ್ತಾಳೆ."

ಸಾಯುತ್ತಿದ್ದವರನ್ನೂ ಬದುಕಿಸುವಷ್ಟು ದೊಡ್ಡ ಗಂಟಲು ತೌನೋನದು; ಸರೋವರದ ಆಚೆ ದಂಡೆಯ ಕೆನಡಾದವರು ಅವನ ಸೀನಿಗೆ ಉತ್ತರ ಕೊಡುತ್ತಾರೆ ಎಂದು ಹೇಳಿಕೊಳ್ಳುತ್ತಿದ್ದ. ಆ ಗಂಟಲನ್ನು ಮುಚ್ಚಿಕೊಂಡು, ಕೆಂಪು ಚೌಕಳಿ ಕೋಟು ಹಾಕಿಕೊಂಡು, ಕೋಲು ಹಿಡಿದು, ತೌನೋ ಕಾಡಿಗೆ ನಡೆದ.

ಹಿಮ ಮಂಡಿಯವರೆಗಿತ್ತು. ಊದಿದ ಕಾಲನ್ನು ಎತ್ತಿ ಹಾಕುವುದೆಂದರೆ ಬೇರೆಯವರ ಕಾಲನ್ನು ಹೊತ್ತು ನಡೆದಂತೆ. ಮರಗಳ ಹಿಂದೆ ಅವನದೇ ನೆಂಟರು, ಅವನೇ ಕಲಿಸಿದ ಕೈಗಳು, ಕುದುರೆಯ ಮೇಲೆ ಬೆರಳಿಟ್ಟು ಕೂತಿದ್ದರು. ಅಲುಗಿದ್ದೆಲ್ಲ ಜಿಂಕೆ. ಎಲ್ಲಿ ಯಾರು ಕೂತಿದ್ದಾರೆಂದು ಅವನು ಬಲ್ಲ. ತಾನು ಬರುತ್ತಿದ್ದೇನೆಂದು ಅವರಲ್ಲಿ ಯಾರೂ ಬಲ್ಲವರಲ್ಲ. ಒಂದು ಕೊಂಬೆಯಿಂದ ಹಿಮ ಜಾರಿ ಬಿತ್ತು. ಅವನ ಬೆನ್ನು ಗುಂಡಿಗೆ ಕಾದು ಬಿಗಿಯಿತು. ಗುಂಡು ಬರಲಿಲ್ಲ. ಮುಂದೆ ಹೆಜ್ಜೆ ಹಾಕಿದ.

ಜೌಗು ದಾಟುವಾಗ ಹಿಮದ ಮೇಲೆ ಗೊರಸಿನ ಗುರುತು ಕಂಡಿತು. ಬಾಗಿ ಮುಟ್ಟಿದ. ಹೊಸದು; ಅಂಚು ಇನ್ನೂ ಕುಸಿಯುತ್ತಿತ್ತು. ಅಗಲವಾದ, ಆಳವಾದ ಗೊರಸು, ದೊಡ್ಡ ಗಂಡು. ತೌನೋ ಬರುವ ಸದ್ದಿಗೆ ಎದ್ದು, ಅವನಿಗಿಂತ ಸ್ವಲ್ಪವೇ ಮುಂದೆ, ಅವಸರವಿಲ್ಲದೆ ನಡೆದುಹೋಗಿತ್ತು. ಗುರುತುಗಳು ಎಳೆದ ಗೆರೆಯಂತೆ ಮುತ್ತಾತನ ಬೊಡ್ಡೆಯ ಕಡೆಗೆ ಹೋಗಿದ್ದವು.

ಜೀವಮಾನವಿಡೀ ಜಿಂಕೆ ಅಟ್ಟಿದವನಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನು ನಡೆದರೆ ಜಿಂಕೆ ಸೈಮಾಳ ಮುಂದಕ್ಕೆ ಹೋಗುತ್ತದೆ. ನಿಂತರೆ ಅದು ತಾನಾಗಿಯೇ ಹೋಗುತ್ತದೆ. ಅವನೇ ಅಟ್ಟಿಕೊಂಡು ಬರುತ್ತಿದ್ದ, ಮೊಮ್ಮಗಳ ಬೆರಳಿನ ತನಕ.

ಆಗ ಈಡು ಕೇಳಿತು.

ತೌನೋ ಕೋಲು ಊರಿ ನಿಂತು ಕಿವಿಗೊಟ್ಟ. ಸದ್ದು ಮರದಿಂದ ಮರಕ್ಕೆ ಉರುಳುತ್ತ ಹೋಗಿ ಜೌಗಿನ ಆಚೆ ಸತ್ತಿತು. ಎಡಗಡೆಯಿಂದ ಬಂದದ್ದು. ರೂಡಿಯ ಜಾಗ ಎಡಗಡೆ. ರೂಡಿಯದೇ ಇರಬೇಕು. ಮೆತ್ತಗಿನ ತೋಟೆಯ ಸದ್ದು ಹಾಗಿರುವುದಿಲ್ಲ. ಆದರೆ ಎರಡು ಚಮಚದ ತೋಟೆಯ ಸದ್ದು ಹೇಗಿರುತ್ತದೆ ಎಂದು ಅವನು ಎಂದೂ ಕೇಳಿರಲಿಲ್ಲ. ಕೇಳಿದವರು ಕತೆ ಹೇಳಲು ಬಂದಿರಲಿಲ್ಲ. ಕೋಲು ಕಿತ್ತು ಮತ್ತೆ ನಡೆದ.

ಬೊಡ್ಡೆ ಕಂಡಾಗ ಮೊದಲು ಕಂಡದ್ದು ಸೈಮಾಳ ಬೆನ್ನು. ನೆಟ್ಟಗಿತ್ತು. ಹೋರಿ ಅವಳ ಭುಜದ ಮೇಲಿತ್ತು. ಅದರಾಚೆ, ಹಾಲುಬಿಳುಪಿನ ಬಯಲಿನಲ್ಲಿ, ಕೊಂಬುಗಳಿಂದ ಅರ್ಧ ಆಕಾಶ ಮುಚ್ಚುವಂಥ ಗಂಡುಜಿಂಕೆ ಅಡ್ಡ ತಿರುಗಿ ನಿಂತಿತ್ತು. ಹಾಕಿನೆನ್ ಮನೆತನ ಕನಸಿನಲ್ಲೂ ಕಂಡಿರದ ಜಿಂಕೆ. ತೌನೋ ಅದನ್ನು ನೋಡಲಿಲ್ಲ. ಪಕ್ಕದಿಂದ ಹುಡುಗಿಯ ಮುಖ ಕಾಣುತ್ತಿತ್ತು. ಎರಡು ಕಣ್ಣೂ ಬಿಗಿಯಾಗಿ ಮುಚ್ಚಿದ್ದವು. ಹಲ್ಲು ಕಚ್ಚಿದ್ದಳು. ಬೆರಳು ಕುದುರೆಯ ಮೇಲೆ ಅದುಮುತ್ತಿತ್ತು, ಬೆರಳ ಗಿಣ್ಣು ಬಿಳಿಚಿತ್ತು.

ಕೂಗಿದರೆ ಬೆಚ್ಚುತ್ತಾಳೆ. ಓಡುವಂತಿಲ್ಲ. ತೌನೋ ಹಿಮದಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬಂದ. ಬೆರಳು ಅದುಮುತ್ತಲೇ ಇತ್ತು. ಹೋರಿ ಸುಮ್ಮನಿತ್ತು. ಯಾಕೆ ಸುಮ್ಮನಿದೆ ಎಂದು ಅವನಿಗೆ ತಿಳಿದದ್ದು ಮೈಮೇಲೆ ಬಂದ ಮೇಲೆ: ತಡೆಕೀಲು ಇನ್ನೂ ಹಿಂದೆಯೇ ಇತ್ತು. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದ ಹುಡುಗಿ, ಅದನ್ನು ಮುಂದಕ್ಕೆ ತಳ್ಳುವುದನ್ನು ಮರೆತಿದ್ದಳು. ಅವಳ ಹೆಬ್ಬೆರಳು ಅದೇ ಹೊತ್ತಿಗೆ ನೆನಪು ಮಾಡಿಕೊಂಡು, ಕುರುಡಾಗಿ ತಡಕುತ್ತ ಮೇಲಕ್ಕೆ ಬರುತ್ತಿತ್ತು.

ತೌನೋ ತನ್ನ ಕೈಯನ್ನು ಆ ಹೆಬ್ಬೆರಳಿನ ಮೇಲೆ ಇಟ್ಟ.

"ಬೆರಳು ತೆಗಿ ಪುಟ್ಟಿ," ಎಂದ, ಉಸಿರಿಗಿಂತ ಮೆತ್ತಗೆ. ಅಷ್ಟು ಮೆತ್ತಗೆ ಅವನು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. "ಎರಡೂ."

ಜಿಂಕೆ ಬಾಲದ ಬಿಳುಪು ತೋರಿಸಿ ಹಾರಿಹೋಯಿತು. ಸೈಮಾ ಕಣ್ಣು ತೆರೆದಳು.

"ನಾನು ಅದುಮಿದೆ ತಾತ. ಎಷ್ಟು ಹೊತ್ತಿಂದ ಅದುಮ್ತಾನೇ ಇದ್ದೆ. ಒದೀಲೇ ಇಲ್ಲ."

ಅವನು ಚಿಲಕ ಎಳೆದು ತೋಟೆಗಳನ್ನು ಒಂದೊಂದಾಗಿ ಅಂಗೈಗೆ ಹಾಕಿಕೊಂಡ.

ಶಿಬಿರದಲ್ಲಿ ಮೂವರೂ ಮೇಜಿನ ಸುತ್ತ ಕೂತರು. ತೌನೋ ಇಕ್ಕಳದಿಂದ ಗುಂಡುಗಳನ್ನು ಕಿತ್ತು, ಮದ್ದನ್ನು ತಗಡಿನ ತಟ್ಟೆಗೆ ಸುರಿದ. ಕತೆ ಕಟ್ಟುವವರಾದರೆ ನಳಿಗೆಯಲ್ಲಿ ಕೂತಿದ್ದ ತೋಟೆಯೇ ಅದು ಎಂದುಬಿಡುತ್ತಾರೆ. ಅಲ್ಲ. ಅದರಲ್ಲಿ ಒಂದೇ ಚಮಚದ ಪುಟ್ಟ ಗುಡ್ಡೆ ಬಿತ್ತು. ಅದರ ಹಿಂದೆ ಕಾದಿದ್ದ ತೋಟೆಯನ್ನು ಬೋರಲು ಹಿಡಿದಾಗ ಮದ್ದು ಬಿತ್ತು, ಇನ್ನೂ ಬಿತ್ತು, ಇನ್ನೂ ಬಿತ್ತು.

"ಇಷ್ಟೇನಾ?" ಎಂದ ಎವರ್ಟ್.

"ಇಷ್ಟೇ."

ಸೈಮಾ ಎರಡು ಗುಡ್ಡೆಗಳನ್ನೂ ನೋಡಿದಳು. "ಏನದು?"

"ನಾನು ತಪ್ಪಾಗಿ ತುಂಬಿದ್ದು. ನೀನು ಎರಡನೇ ಈಡು ಹೊಡೆದಿದ್ರೆ ಚಿಲಕ ನಿನ್ನ ಮುಖಕ್ಕೆ ಬರ್ತಿತ್ತು."

ಹುಡುಗಿ ಅವನನ್ನೇ ನೋಡುತ್ತ ಕೂತಳು. "ಇದೂ ಕತೆನಾ ತಾತ?"

ಅವನು ತಟ್ಟೆಯನ್ನು ಅವಳ ಕಡೆಗೆ ಸರಿಸಿದ. ಸೈಮಾ ಎವರ್ಟ್ ಕಡೆ ತಿರುಗಿದಳು. ಪ್ರತಿ ಕತೆಗೂ ನಗುವ ಎವರ್ಟ್ ನಗುತ್ತಿರಲಿಲ್ಲ. ಆಗ ಅವಳ ಕೈ ತಾನಾಗಿಯೇ ಕೆನ್ನೆಗೆ ಹೋಯಿತು, ಅಲ್ಲೇ ಉಳಿಯಿತು.

ಮಧ್ಯಾಹ್ನ ತೊಟ್ಟಿ ಬಡಿದಾಗ ಬಂದ ರೂಡಿ ಕಿಡಿ ಕಾರುತ್ತಿದ್ದ. "ಯಾವನೋ ಕಾಡೆಲ್ಲ ತುಳಿದಿದ್ದಾನೆ. ಆ ರಾಜನಂಥ ಜಿಂಕೆ ಬೊಡ್ಡೆ ಕಡೆ ಹೋಗ್ತಾ ನನ್ನ ಕಣ್ಣಿಗೆ ಬಿತ್ತು, ನಾನು ಹೊಡೆದದ್ದು ಮರಕ್ಕೆ ಬಿದ್ದು ನನ್ನ ಅಂಗಿ ಬಾಲಕ್ಕೂ ಕತ್ತರಿ ಬೀಳೋ ಹಾಗಾಯ್ತು, ಆಮೇಲೆ ನೋಡಿದ್ರೆ ಹಿಮದಲ್ಲಿ ಒಂದು ಕಾಲು ಎಳ್ಕೊಂಡು ಹೋದ ಗುರುತು. ಚಿಕ್ಕಪ್ಪ, ನಿಂದಾ?"

"ನಂದೇ."

"ಯಾಕೆ?"

ಎವರ್ಟ್ ಪೇಸ್ಟಿಯನ್ನು ಅರ್ಧದಲ್ಲಿ ನಿಲ್ಲಿಸಿದ. ಎಂಥ ಕತೆ ಆಗಬಹುದಿತ್ತು ಅದು. ಕರಡಿಯ ಕತೆಯನ್ನೂ ತಿಂದು ತೇಗುವಂಥದ್ದು.

"ಹೋರಿಗೆ ಮೆತ್ತಗಿನ ತೋ‍ಟೆ ತುಂಬೋಕೆ ಹೋಗಿ ಒಂದಕ್ಕೆ ಎರಡು ಅಳತೆ ಹಾಕ್ದೆ," ಎಂದ ತೌನೋ. "ಅದನ್ನ ವಾಪಸ್ ತರೋಕೆ ಹೋಗಿದ್ದೆ."

ರೂಡಿಯ ನಗು ಬರುವುದರಲ್ಲಿತ್ತು. ಮೇಜಿನ ಮೇಲಿನ ತಟ್ಟೆ ಕಂಡು ನಿಂತಿತು. ತೌನೋನೇ ಅಂಗಿಯನ್ನು ಹೊರಗೆಳೆದು, ಬೆನ್ನು ತಿರುಗಿಸಿ ನಿಂತ. ರೂಡಿ ಕತ್ತರಿ ತಂದ. ಬೇರೆ ಸಲ ಎಲ್ಲರೂ ಮೇಜು ಬಡಿಯುತ್ತಿದ್ದರು; ಈ ಸಲ ಯಾರೂ ಬಡಿಯಲಿಲ್ಲ. ಕತ್ತರಿಯ ಸದ್ದೊಂದೇ ಕೇಳಿತು. ಎವರ್ಟ್ ಆ ತಟ್ಟೆಯನ್ನು ಹೊರಗೊಯ್ದು ಹಿಮದ ಮೇಲೆ ಸುರಿದು ಕಡ್ಡಿ ಗೀರಿದ. ಬಿಳಿ ಬೆಳಕು ಕಿಟಕಿಯಿಂದ ಒಳಗೆ ನುಗ್ಗಿ, ಗೋಡೆಯ ಮೇಲಿನ ಬಾಲಗಳನ್ನೆಲ್ಲ ಒಂದು ಸಲ ತೋರಿಸಿ ಆರಿತು.

ಬೇಟೆಯ ದಿನಗಳು ಇನ್ನೂ ಉಳಿದಿದ್ದವು. ಹಿಲ್ಯಾಳ ಪುಟ್ಟ ಕೋವಿ ಹಿಡಿದು ತಾತ ಮೊಮ್ಮಗಳು ಜಲ್ಲಿಯ ಹಳ್ಳಕ್ಕೆ ಹೋದರು. ಅಂಗಡಿಯ ತೋಟೆ. ಸೈಮಾ ಕೋವಿ ಎತ್ತಿದಳು. ಅವಳಿಗೇ ಹೊಲಿಸಿದ ಅಂಗಿ. ಬೆರಳು ಕುದುರೆಗೆ ಹೋಯಿತು. ಎರಡು ಕಣ್ಣೂ ಬಿಗಿಯಾಗಿ ಮುಚ್ಚಿಕೊಂಡವು.

ತೌನೋ ತೋಟೆ ತೆಗೆಸಿದ. ಖಾಲಿ ಕೋವಿಯ ಕುದುರೆ ಅದುಮಿಸಿದ. ಟಕ್. ಕಣ್ಣು ಮುಚ್ಚಿತು. ಮತ್ತೆ ಅದುಮಿಸಿದ. ಟಕ್. ಮುಚ್ಚಿತು. ಗೋಡೆಯ ಮೇಲಿನ ಹೋರಿಯ ಚಿಲಕವನ್ನು ಅವನು ಕಿತ್ತು ಬಚ್ಚಿಟ್ಟಿದ್ದ. ಆದರೂ ಹೋರಿ ಅವಳ ಭುಜದೊಳಗೆ ಎಲ್ಲೋ ಕಾಲು ಕೆರೆಯುತ್ತ ನಿಂತಿತ್ತು. ಅಲ್ಲಿ ಅದನ್ನು ಕಟ್ಟಿ ಮೇಯಿಸಿದವನು ತಾನೇ ಎಂದು ತೌನೋಗೆ ಗೊತ್ತಿತ್ತು. ವರ್ಷಗಟ್ಟಲೆ, ಕತೆಯ ಮೇಲೆ ಕತೆ ಹಾಕಿ.

"ತಾತ," ಎಂದಳು ಸೈಮಾ, ಕೋವಿ ಇಳಿಸದೆಯೇ, "ಈ ಕೋವಿ ಏನೇನು ಮಾಡಿದೆ? ಹೇಳು."

ಅವನ ನಾಲಿಗೆ ಅಭ್ಯಾಸಬಲದಿಂದ ಎದ್ದು ನಿಂತಿತು. ಹಲ್ಲು ಕಚ್ಚಿ ಕೂರಿಸಿದ.

"ಏನೂ ಮಾಡಿಲ್ಲ," ಎಂದ. "ಇದಕ್ಕೆ ಕತೆನೇ ಇಲ್ಲ. ಅದುಮು."

ಟಕ್. ಈ ಸಲ ಒಂದು ಕಣ್ಣು ತೆರೆದೇ ಇತ್ತು. ಇನ್ನೊಂದು ಮುಚ್ಚಿತ್ತು. ಕತ್ತಲಾಗುವ ತನಕ ಅವರು ಅಲ್ಲೇ ಕೂತಿದ್ದರು.